ಏಜೆನ್ಸಿ ಮೂಲಕ ಕೆಲಸಗಾರರನ್ನು ತೆಗೆದುಕೊಳ್ಳುವ ಮುಂಚೆ: ಸಣ್ಣ ಉದ್ಯಮದವರು ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯ, ಬೊಮ್ಮಸಂದ್ರ, ನಂಜನಗೂಡು, ಬೆಳಗಾವಿಯ ಉದ್ಯಮಬಾಗ್, ಎಲ್ಲೇ ಹೋಗಿ, ಕಾರ್ಖಾನೆ ಗೇಟಿನ ಮೇಲೆ ‘ಹೆಲ್ಪರ್ ಬೇಕಾಗಿದ್ದಾರೆ’ ಅಂತ ಬೋರ್ಡು ಕಾಣುತ್ತದೆ. ಬೋರ್ಡು ನೋಡಿಕೊಂಡು ಬರುವವರು ಈಗ ಕಡಿಮೆ. ಹಾಗಾಗಿ ಮಾಲೀಕರು ಮ್ಯಾನ್‌ಪವರ್ ಏಜೆನ್ಸಿಗೆ ಫೋನ್ ಮಾಡುತ್ತಾರೆ. ಸಣ್ಣ ಕಾರ್ಖಾನೆಗಳ ಪಿಎಫ್ (ಭವಿಷ್ಯ ನಿಧಿ), ಇಎಸ್ಐ (ಕಾರ್ಮಿಕರ ವಿಮೆ), ಹಾಜರಿ, ಸಂಬಳದ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಮಾಲೀಕರು ನನ್ನ ಹತ್ತಿರ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಉತ್ತರಗಳು ಕರ್ನಾಟಕದಲ್ಲಿ 10 ರಿಂದ 100 ಜನ ಇಟ್ಟುಕೊಂಡು ಉದ್ಯಮ ನಡೆಸುವವರಿಗೆ.

ಏಜೆನ್ಸಿ ಅಂದರೆ ಸರಿಯಾಗಿ ಏನು? ಎಲ್ಲರೂ ಅದೇ ಹೆಸರು ಹೇಳುತ್ತಾರಲ್ಲ?

ಮೂರು ಥರದವರು ಇದ್ದಾರೆ. ಒಬ್ಬರು ಜನರನ್ನು ಹುಡುಕಿ ಕೊಡುತ್ತಾರೆ, ಒಂದು ಸಲ ಕಮಿಷನ್ ತಗೊಂಡು ಹೋಗುತ್ತಾರೆ. ಆಮೇಲೆ ಆ ಹುಡುಗ ನಿಮ್ಮ ರೋಲಿನಲ್ಲೇ, ಅಂದರೆ ನಿಮ್ಮ ನೌಕರರ ಪಟ್ಟಿಯಲ್ಲೇ ಇರುತ್ತಾನೆ. ಇನ್ನೊಬ್ಬರು ಜನರನ್ನು ತಮ್ಮ ರೋಲಿನಲ್ಲೇ ಇಟ್ಟುಕೊಂಡು ನಿಮ್ಮ ಜಾಗಕ್ಕೆ ಕಳಿಸುತ್ತಾರೆ. ಸಂಬಳ, ಪಿಎಫ್, ಇಎಸ್ಐ ಅವರೇ ಕಟ್ಟುತ್ತಾರೆ, ನಿಮಗೆ ತಿಂಗಳ ಬಿಲ್ ಹಾಕುತ್ತಾರೆ. ಮೂರನೆಯವರು ಕೆಲಸವನ್ನೇ ಗುತ್ತಿಗೆ ಹಿಡಿಯುತ್ತಾರೆ. ಇಷ್ಟು ಲಾರಿ ಲೋಡ್ ಮಾಡಿದರೆ ಇಷ್ಟು, ಇಷ್ಟು ಪೀಸ್ ಪ್ಯಾಕ್ ಮಾಡಿದರೆ ಇಷ್ಟು ಅಂತ. ಇಲ್ಲಿ ನಾವು ಮಾತಾಡುತ್ತಿರುವುದು ಎರಡನೆಯವರ ಬಗ್ಗೆ. ಸಹಿ ಹಾಕುವ ಮುಂಚೆ ನಿಮ್ಮ ಎದುರು ಕೂತವರು ಈ ಮೂರರಲ್ಲಿ ಯಾರು ಅಂತ ಬಾಯಿ ಬಿಟ್ಟು ಕೇಳಿ.

ಯಾವಾಗ ಏಜೆನ್ಸಿಯವರನ್ನು ಕರೆಸೋದು ಸರಿ?

ಆರ್ಡರ್ ಏಕ್‌ದಂ ಜಾಸ್ತಿಯಾಗಿ ಮೂರು ತಿಂಗಳಿಗೆ ಜನ ಬೇಕಾದಾಗ. ಹೌಸ್‌ಕೀಪಿಂಗ್, ಕ್ಯಾಂಟೀನ್, ಲೋಡಿಂಗ್, ಸೆಕ್ಯುರಿಟಿ ಥರ ನಿಮ್ಮ ಮೂಲ ಕಸುಬಲ್ಲದ ಕೆಲಸಗಳಿಗೆ. ಹಬ್ಬಕ್ಕೆ ಊರಿಗೆ ಹೋದವರು ವಾಪಸ್ ಬರುವವರೆಗೆ ಲೈನ್ ನಿಲ್ಲಬಾರದು ಅಂದಾಗ.

ವರ್ಷವಿಡೀ ಇರುವ, ಕಲಿಯಲು ಆರು ತಿಂಗಳು ಹಿಡಿಯುವ ಕೆಲಸಕ್ಕೆ ಏಜೆನ್ಸಿ ಹುಡುಗರನ್ನು ಹಾಕಿ ವರ್ಷಗಟ್ಟಲೆ ಹಾಗೇ ಇಟ್ಟುಕೊಳ್ಳುವುದು ನನ್ನ ಪ್ರಕಾರ ತಪ್ಪು ಲೆಕ್ಕ. ಸಿಎನ್‌ಸಿ ಆಪರೇಟರ್ ಕೈ ಕುದುರುವಷ್ಟರಲ್ಲಿ ಪಕ್ಕದ ಕಾರ್ಖಾನೆಗೆ ಹೋಗಿರುತ್ತಾನೆ. ಅವನಿಗೆ ನಿಮ್ಮಲ್ಲಿ ನಿಲ್ಲಲು ಕಾರಣವೇ ಇರುವುದಿಲ್ಲ.

ಮುಖ್ಯ ಉತ್ಪಾದನೆಗೆ ಗುತ್ತಿಗೆ ಕಾರ್ಮಿಕರನ್ನು ಹಾಕಬಾರದು ಅಂತಾರೆ, ನಿಜವಾ?

ನಿಜ, ಆದರೆ ವಿನಾಯಿತಿ ಇದೆ. ಏಜೆನ್ಸಿ ಕಳಿಸಿದವರನ್ನು ಕಾನೂನು ಗುತ್ತಿಗೆ ಕಾರ್ಮಿಕರು ಅನ್ನುತ್ತದೆ, ಏಜೆನ್ಸಿಯನ್ನು ಕಾಂಟ್ರಾಕ್ಟರ್ ಅನ್ನುತ್ತದೆ. ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಅದರಲ್ಲಿ ಕೆಲಸದ ಸುರಕ್ಷತೆಗೆ ಸಂಬಂಧಿಸಿದ 2020ರ ಸಂಹಿತೆ, ಸಂಸ್ಥೆಯ ಮೂಲ ಚಟುವಟಿಕೆಗೆ ಗುತ್ತಿಗೆ ಕಾರ್ಮಿಕರನ್ನು ಬಳಸುವಂತಿಲ್ಲ ಅನ್ನುತ್ತದೆ. ಮೂರು ಕಡೆ ಸಡಿಲ ಮಾಡಿದೆ. ಆ ಕೆಲಸ ಸಾಮಾನ್ಯವಾಗಿ ಕಾಂಟ್ರಾಕ್ಟರ್ ಮೂಲಕವೇ ನಡೆಯುವಂಥದ್ದಾಗಿದ್ದರೆ ಸರಿ. ದಿನದ ಬಹುಪಾಲು ಹೊತ್ತು ಪೂರ್ಣಾವಧಿ ಆಳು ಬೇಡದ ಕೆಲಸವಾಗಿದ್ದರೆ ಸರಿ. ಇದ್ದಕ್ಕಿದ್ದಂತೆ ಕೆಲಸ ಹೆಚ್ಚಾಗಿ ಇಂತಿಷ್ಟು ದಿನದಲ್ಲಿ ಮುಗಿಸಬೇಕಾಗಿದ್ದರೂ ಸರಿ. ನೀವು ಮೂರನೆಯದರ ಮೇಲೆ ನಿಂತಿದ್ದರೆ ಆ ಆರ್ಡರ್ ಕಾಗದ, ತಾರೀಕು ಸಮೇತ ಫೈಲಿನಲ್ಲಿ ಇರಲಿ.

ಕಸ ಗುಡಿಸುವುದು, ಕಾವಲು, ಕ್ಯಾಂಟೀನ್, ಲೋಡಿಂಗ್-ಅನ್‌ಲೋಡಿಂಗ್, ತೋಟದ ಕೆಲಸ, ಸಾಗಾಟ ಇವನ್ನು ಸಂಹಿತೆ ಮೂಲ ಚಟುವಟಿಕೆ ಅಂತ ಎಣಿಸುವುದಿಲ್ಲ. ಆದರೆ ನಿಮ್ಮ ಕಂಪನಿ ಇರುವುದೇ ಆ ಕೆಲಸಕ್ಕಾಗಿ ಅಂತಾದರೆ ಮಾತು ಬೇರೆ.

ಲೈಸೆನ್ಸ್ ಬೇಕಾ?

1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ, 20 ಅಥವಾ ಹೆಚ್ಚು ಗುತ್ತಿಗೆ ಕಾರ್ಮಿಕರಿದ್ದರೆ ಏಜೆನ್ಸಿಗೆ ಲೈಸೆನ್ಸ್ ಬೇಕು ಅನ್ನುವ ಗೆರೆ ಇತ್ತು. ಹೊಸ ಸಂಹಿತೆಯಲ್ಲಿ ಅದು 50. ಸೆಕ್ಯುರಿಟಿ ಏಜೆನ್ಸಿಗೆ ಜನ ಎಷ್ಟೇ ಇರಲಿ, 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆ ಪ್ರಕಾರ ಬೇರೆ ಲೈಸೆನ್ಸ್ ಬೇಕು. ಅದನ್ನು ಕೇಳುವವರು ಕಡಿಮೆ, ನೀವು ಕೇಳಿ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ‘ನಮ್ಮಲ್ಲಿ ಇರೋದು 15 ಜನ, ನಮಗೆ ಯಾವ ಕಾನೂನೂ ಇಲ್ಲ’ ಅಂತ. 50 ಅನ್ನುವುದು ಗುತ್ತಿಗೆ ಕಾರ್ಮಿಕರ ಅಧ್ಯಾಯಕ್ಕೆ ಮಾತ್ರ. ಕನಿಷ್ಠ ವೇತನ ಒಬ್ಬ ಕೆಲಸಗಾರ ಇದ್ದರೂ ಕೊಡಬೇಕು. ಇಎಸ್ಐಗೆ 10 ಜನ, ಪಿಎಫ್‌ಗೆ 20 ಜನ. ಏಜೆನ್ಸಿಯವರನ್ನೂ ನಿಮ್ಮ ತಲೆ ಎಣಿಕೆಯಲ್ಲಿ ಸೇರಿಸುತ್ತಾರೆ ಅನ್ನುವುದು ನೆನಪಿರಲಿ.

ಒಬ್ಬ ಏಜೆನ್ಸಿ ತಲೆಗೆ 18,000ಕ್ಕೆ ಕೊಡ್ತೀನಿ ಅಂತಾನೆ, ಇನ್ನೊಬ್ಬ 21,000 ಅಂತಾನೆ. ಕಡಿಮೆಯವನನ್ನೇ ತಗೊಳ್ಳಲಾ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಉದಾಹರಣೆಗೆ ಒಬ್ಬ ಹೆಲ್ಪರ್‌ಗೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 15,000 ರೂಪಾಯಿ ಅಂತ ಇಟ್ಟುಕೊಳ್ಳಿ. ನಿಮ್ಮ ಉದ್ಯಮಕ್ಕೆ, ನಿಮ್ಮ ವಲಯಕ್ಕೆ ಕನಿಷ್ಠ ವೇತನ ಎಷ್ಟು ಅನ್ನುವುದನ್ನು ಕಾರ್ಮಿಕ ಇಲಾಖೆಯ ಅಧಿಸೂಚನೆಯಲ್ಲಿ ನೋಡಿ. ತುಟ್ಟಿಭತ್ಯೆ ಏಪ್ರಿಲ್‌ನಲ್ಲಿ ಬದಲಾಗುತ್ತದೆ. ಈಗ ಪೆನ್ನು ಹಿಡಿಯೋಣ.

ಮಾಲೀಕರ ಪಾಲಿನ ಪಿಎಫ್ 12%. ಜೊತೆಗೆ ವಿಮೆ ಮತ್ತು ಆಡಳಿತ ವೆಚ್ಚ ಸೇರಿ 13%, ಅಂದರೆ 1,950. ಇಎಸ್ಐ 3.25%, ಅಂದರೆ 488. ಇಲ್ಲಿಗೇ 17,438 ಆಯಿತು. ಬೋನಸ್ ಕನಿಷ್ಠ 8.33%, ಅದು 1,250. ಕೆಲಸ ಬಿಡುವಾಗ ಕೊಡಬೇಕಾದ ಗ್ರಾಚ್ಯುಟಿಗೆ ತಿಂಗಳಿಗೆ 4.81% ತೆಗೆದಿಡಬೇಕು, 721. ವರ್ಷಕ್ಕೆ ಸುಮಾರು 15 ದಿನದ ಸಂಬಳ ಸಹಿತ ರಜೆಯನ್ನು ತಿಂಗಳಿಗೆ ಹಂಚಿದರೆ ಇನ್ನೊಂದು 721. ಒಟ್ಟು 20,130. ಇದರ ಮೇಲೆ ಏಜೆನ್ಸಿಯ ಸರ್ವಿಸ್ ಚಾರ್ಜ್ 6% ಅಂದುಕೊಂಡರೆ 1,208. ಜಿಎಸ್‌ಟಿ ಇಲ್ಲದೆ 21,338.

ಈಗ 18,000 ಅಂದವನ ಲೆಕ್ಕ ನೋಡಿ. ಸಂಬಳ, ಪಿಎಫ್, ಇಎಸ್ಐ ಕೊಟ್ಟ ಮೇಲೆ ಅವನ ಕೈಯಲ್ಲಿ ಉಳಿಯುವುದು 562 ರೂಪಾಯಿ. ಅದರಲ್ಲಿ ಬೋನಸ್, ಗ್ರಾಚ್ಯುಟಿ, ರಜೆ, ಅವನ ಆಫೀಸು, ಸೂಪರ್‌ವೈಸರ್ ಸಂಬಳ, ಲಾಭ, ಇಷ್ಟೂ ಆಗಬೇಕು. ಆಗುತ್ತದಾ? ಆಗಲ್ಲ ಅಲ್ವಾ. ಆ ದುಡ್ಡು ಬೇರೆ ಎಲ್ಲಿಂದಲೂ ಬರುವುದಿಲ್ಲ, ಕೆಲಸಗಾರನ ಪಾಲಿನಿಂದಲೇ ಬರುತ್ತದೆ. ಹೇಗೆ ಬರುತ್ತದೆ ಅಂತಲೂ ಹೇಳುತ್ತೇನೆ. ಬೋನಸ್ ಕೊಡುವ ಮುಂಚೆ ಹುಡುಗರನ್ನು ಬಿಡಿಸುತ್ತಾರೆ. 26 ದಿನ ದುಡಿದವನಿಗೆ ಪಿಎಫ್ ಪಟ್ಟಿಯಲ್ಲಿ 12 ದಿನ ತೋರಿಸುತ್ತಾರೆ. ಮಾಲೀಕರ ಪಾಲಿನ ಪಿಎಫನ್ನೂ ಕೆಲಸಗಾರನ ಸಂಬಳದಲ್ಲೇ ಮುರಿಯುತ್ತಾರೆ. ಇನ್ನು ಕೆಲವರು ಬ್ಯಾಂಕಿಗೆ ಪೂರ್ತಿ ಸಂಬಳ ಹಾಕಿ, ಹುಡುಗರ ಎಟಿಎಂ ಕಾರ್ಡನ್ನು ಸೂಪರ್‌ವೈಸರ್ ಕೈಯಲ್ಲಿ ಇಟ್ಟುಕೊಂಡು, ಒಂದೆರಡು ಸಾವಿರ ತೆಗೆದುಕೊಂಡು ಉಳಿದದ್ದನ್ನು ಕೊಡುತ್ತಾರೆ.

15,000 ಸಂಬಳದವನಿಗೆ ತನ್ನ ಪಾಲಿನ ಪಿಎಫ್ 1,800, ಇಎಸ್ಐ 113 ಹೋಗಿ ಕೈಗೆ 13,087 ಬರಬೇಕು. ನಿಮ್ಮ ಶೆಡ್ಡಿನಲ್ಲಿರುವ ಹುಡುಗನನ್ನು ಪಕ್ಕಕ್ಕೆ ಕರೆದು ಕೇಳಿ, ‘ಕೈಗೆ ಎಷ್ಟು ಬಂತಪ್ಪ?’ ಅಂತ. ಅದೊಂದು ಪ್ರಶ್ನೆಯಲ್ಲಿ ಏಜೆನ್ಸಿಯ ಅರ್ಧ ಜಾತಕ ಗೊತ್ತಾಗುತ್ತದೆ.

ಕೊಟೇಶನ್ ಕೇಳುವಾಗ ‘ತಲೆಗೆ ಎಷ್ಟು’ ಅಂತ ಕೇಳಬೇಡಿ. ಸಂಬಳ, ಪಿಎಫ್, ಇಎಸ್ಐ, ಬೋನಸ್, ಗ್ರಾಚ್ಯುಟಿ, ರಜೆ, ಸರ್ವಿಸ್ ಚಾರ್ಜ್ ಇವನ್ನೆಲ್ಲ ಬೇರೆ ಬೇರೆ ಸಾಲಿನಲ್ಲಿ ಬರೆದು ಕೊಡಿ ಅನ್ನಿ. ಚೌಕಾಸಿ ಮಾಡುವುದಾದರೆ ಸರ್ವಿಸ್ ಚಾರ್ಜ್ ಒಂದರಲ್ಲೇ ಮಾಡಿ.

ಮೂಲ ವೇತನ ಕಡಿಮೆ ತೋರಿಸಿ, ಭತ್ಯೆ ಜಾಸ್ತಿ ತೋರಿಸಿದರೆ ಪಿಎಫ್ ಉಳಿಯುತ್ತಲ್ಲ?

ಹೊಸ ಸಂಹಿತೆಯಲ್ಲಿ ಭತ್ಯೆಗಳು ಒಟ್ಟು ಮೊತ್ತದ 50% ದಾಟಿದರೆ, ದಾಟಿದ ಭಾಗವನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕುತ್ತಾರೆ. ಕನಿಷ್ಠ ವೇತನವನ್ನೇ ಒಡೆದು ಮನೆ ಬಾಡಿಗೆ, ತಿಂಡಿ ಭತ್ಯೆ ಅಂತ ಮಾಡುವವರ ಹತ್ತಿರ ಹೋಗಲೇಬೇಡಿ.

ಜಿಎಸ್‌ಟಿ ಎಷ್ಟು? ವಾಪಸ್ ಸಿಗುತ್ತಾ?

18%, ಅದೂ ಸಂಬಳ ಸೇರಿದ ಪೂರ್ತಿ ಬಿಲ್ ಮೇಲೆ. ಮೇಲಿನ ಉದಾಹರಣೆಯಲ್ಲಿ 3,841 ಸೇರಿ ಬಿಲ್ 25,179 ಆಗುತ್ತದೆ. ನೀವು ಸಾಮಾನ್ಯ ಜಿಎಸ್‌ಟಿ ಕಟ್ಟುವ ಕಾರ್ಖಾನೆಯಾಗಿದ್ದರೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಇದನ್ನು ಕಳೆದುಕೊಳ್ಳಬಹುದು. ಏಜೆನ್ಸಿ ತನ್ನ ರಿಟರ್ನ್ ಹಾಕಿದ್ದರೆ ಮಾತ್ರ. ಕಾಂಪೊಸಿಷನ್ (ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಯೋಜನೆ) ಒಳಗೆ ಇರುವವರು, 5% ಹಾಕುವ ಹೋಟೆಲಿನವರು, ಶಾಲೆ, ಆಸ್ಪತ್ರೆಯವರಿಗೆ ಈ ದುಡ್ಡು ವಾಪಸ್ ಬರುವುದಿಲ್ಲ. ಅಂಥವರು ನೇರವಾಗಿ ಕೆಲಸಕ್ಕೆ ಇಟ್ಟುಕೊಂಡರೆ ಎಷ್ಟಾಗುತ್ತದೆ ಅಂತ ಒಮ್ಮೆ ಕೂತು ಲೆಕ್ಕ ಹಾಕಲೇಬೇಕು. ಎಷ್ಟೋ ಸಣ್ಣ ಹೋಟೆಲುಗಳಿಗೆ ನೇರ ನೇಮಕವೇ ಅಗ್ಗ ಬೀಳುತ್ತದೆ.

ಏಜೆನ್ಸಿಗೆ ಬಿಲ್ ದುಡ್ಡು ಕೊಡುವಾಗ ಟಿಡಿಎಸ್ (ಮೊದಲೇ ಹಿಡಿಯುವ ಆದಾಯ ತೆರಿಗೆ) ಹಿಡಿಯುವುದನ್ನು ಮರೆಯಬೇಡಿ.

ಏಜೆನ್ಸಿ ಸಂಬಳ ಕೊಡಲಿಲ್ಲ, ಪಿಎಫ್ ಕಟ್ಟಲಿಲ್ಲ ಅಂದರೆ ನನಗೇನು? ನಾನು ಬಿಲ್ ಪೂರ್ತಿ ಕೊಟ್ಟಿದ್ದೀನಲ್ಲ?

ನಿಮಗೇ ಎಲ್ಲ. ಕಾನೂನಿನಲ್ಲಿ ನೀವು ಪ್ರಿನ್ಸಿಪಲ್ ಎಂಪ್ಲಾಯರ್, ಅಂದರೆ ಮೂಲ ಮಾಲೀಕರು. ಕಾಂಟ್ರಾಕ್ಟರ್ ಸಂಬಳ ಕೊಡದಿದ್ದರೆ ನೀವು ಕೊಡಬೇಕು, ಆಮೇಲೆ ಅವನ ಬಿಲ್ಲಿನಲ್ಲಿ ಮುರಿದುಕೊಳ್ಳಬಹುದು. 1970ರ ಕಾಯ್ದೆಯಲ್ಲೂ ಹೀಗೇ ಇತ್ತು, ಹೊಸದರಲ್ಲೂ ಹೀಗೇ ಇದೆ. ಪಿಎಫ್, ಇಎಸ್ಐ ಕೂಡ ಅಷ್ಟೇ. ಏಜೆನ್ಸಿಯವನು ಫೋನ್ ಸ್ವಿಚ್ ಆಫ್ ಮಾಡಿ ಹೋಗಬಹುದು. ನಿಮ್ಮ ಶೆಡ್ಡು ಅಲ್ಲೇ ಇರುತ್ತದೆ, ನೋಟಿಸ್ ಬರುವುದೂ ಅಲ್ಲಿಗೇ. ಅಂದರೆ ಅದೇ ದುಡ್ಡನ್ನು ನೀವು ಎರಡು ಸಲ ಕೊಡುತ್ತೀರಿ, ಮೇಲೆ ಬಡ್ಡಿ, ದಂಡ.

ದೊಡ್ಡ ಕಂಪನಿಗಳಿಗೂ ಇದು ತಪ್ಪಲಿಲ್ಲ. 2020ರ ಡಿಸೆಂಬರ್ 12ರ ಬೆಳಗ್ಗೆ ಕೋಲಾರದ ನರಸಾಪುರದಲ್ಲಿ, ಆಪಲ್ ಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ಸಿಟ್ಟಿಗೆದ್ದರು. ಗಾಜು, ಯಂತ್ರ, ವಾಹನ ಪುಡಿಯಾದವು. ಅಲ್ಲಿ ಬಹುಪಾಲು ಜನ ಹಲವು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆ ಕಾರ್ಮಿಕರು. ಕಡಿಮೆ ಸಮಯದಲ್ಲಿ ತುಂಬಾ ಜನರನ್ನು ಸೇರಿಸಿಕೊಂಡಿದ್ದರು. ಪಾಳಿಯನ್ನು 12 ಗಂಟೆಗೆ ಏರಿಸಿದ್ದರು. ಹಾಜರಿ ಲೆಕ್ಕ ಎಡವಟ್ಟಾಗಿ, ದುಡಿದಷ್ಟು ಸಂಬಳ ಸರಿಯಾಗಿ, ಹೊತ್ತಿಗೆ ಕೈಗೆ ಬರುತ್ತಿರಲಿಲ್ಲ. ಕಂಪನಿ ಆಮೇಲೆ ಕಾರ್ಮಿಕರ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆಪಲ್ ಹೊಸ ಆರ್ಡರ್ ನಿಲ್ಲಿಸಿ ವಿಸ್ಟ್ರಾನ್ ಅನ್ನು ಪರೀಕ್ಷಾ ಅವಧಿಯಲ್ಲಿ ಇಟ್ಟಿತು. ಆ ಏಜೆನ್ಸಿಗಳ ಹೆಸರು ಇವತ್ತು ಯಾರಿಗೂ ನೆನಪಿಲ್ಲ. ಕಾರ್ಖಾನೆಯ ಹೆಸರು ಎಲ್ಲರಿಗೂ ನೆನಪಿದೆ.

ಹೊಡೆದು ಹಾಕಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಬಾಡಿಗೆ ಕಟ್ಟಬೇಕಾದ ದಿನ ಸಂಬಳ ಅರ್ಧ ಬಂದರೆ ಮನೆಯಲ್ಲಿ ಏನಾಗುತ್ತದೆ ಅಂತ ಮಾಲೀಕರು ಒಮ್ಮೆ ಯೋಚನೆ ಮಾಡಬೇಕು, ಅಷ್ಟೇ.

ಹಾಗಾದರೆ ತಿಂಗಳು ತಿಂಗಳು ಏನೇನು ಕಾಗದ ಕೇಳಬೇಕು?

ಹಾಜರಿ ಪಟ್ಟಿ, ಸಂಬಳ ಪಟ್ಟಿ, ಬ್ಯಾಂಕಿಗೆ ಸಂಬಳ ಹೋದ ದಾಖಲೆ, ಪಿಎಫ್ ಚಲನ್ ಜೊತೆ ಇಸಿಆರ್ ಅನ್ನುವ ಹೆಸರುಗಳ ಪಟ್ಟಿ, ಇಎಸ್ಐ ಚಲನ್ ಜೊತೆ ಅದರ ಪಟ್ಟಿ. ಸಂಬಳ 7ನೇ ತಾರೀಕಿನೊಳಗೆ ಆಗಿರಬೇಕು. ಪಿಎಫ್, ಇಎಸ್ಐ 15ರೊಳಗೆ.

ಮೋಸ ಆಗುವುದು ಚಲನ್‌ನಲ್ಲಿ. ಏಜೆನ್ಸಿಗೆ ಹತ್ತು ಕಡೆ ಸೈಟು ಇರುತ್ತದೆ. ಎಲ್ಲ ಸೇರಿ ಒಂದೇ ಚಲನ್ ಕಟ್ಟುತ್ತಾರೆ, ಅದರದೇ ಜೆರಾಕ್ಸ್ ಹತ್ತೂ ಕಡೆ ಕೊಡುತ್ತಾರೆ. ಚಲನ್ ಅಸಲಿ, ಮೊತ್ತ ದೊಡ್ಡದು, ಬ್ಯಾಂಕಿನ ನಂಬರೂ ಇದೆ. ನಿಮ್ಮ ಅಕೌಂಟೆಂಟ್ ನೋಡಿ ಟಿಕ್ ಹಾಕುತ್ತಾನೆ. ಪಟ್ಟಿ ಬಿಡಿಸಿ ನೋಡಿದರೆ ನಿಮ್ಮಲ್ಲಿ ದುಡಿಯುವ 14 ಜನರಲ್ಲಿ 6 ಜನರ ಹೆಸರೇ ಇರುವುದಿಲ್ಲ. ಅದಕ್ಕೇ ಹೇಳುವುದು, ಒಂದು ಕೈಯಲ್ಲಿ ನಿಮ್ಮ ಗೇಟಿನ ಹಾಜರಿ ಪುಸ್ತಕ ಇಟ್ಟುಕೊಳ್ಳಿ, ಇನ್ನೊಂದು ಕೈಯಲ್ಲಿ ಇಸಿಆರ್. ಯುಎಎನ್ (ಒಬ್ಬೊಬ್ಬ ಕೆಲಸಗಾರನ ಪಿಎಫ್ ಗುರುತಿನ ಸಂಖ್ಯೆ) ನಂಬರಿನ ಎದುರು ಒಂದೊಂದೇ ಹೆಸರಿಗೆ ಗುರುತು ಹಾಕಿ. ದಿನಗಳು ಕೂಡ ಸರಿಹೊಂದಬೇಕು. 26 ದಿನ ಬಂದವನ ವೇತನ ಅಲ್ಲಿ 7,000 ಅಂತಿದ್ದರೆ ಬಿಲ್ ತಡೆಹಿಡಿಯಿರಿ.

ಇನ್ನೂ ಸುಲಭದ ದಾರಿ ಇದೆ. ಯುಎಎನ್‌ಗೆ ಮೊಬೈಲ್ ಜೋಡಿಸಿರುವ ಹುಡುಗರಿಗೆ 9966044425ಕ್ಕೆ ಮಿಸ್ಡ್ ಕಾಲ್ ಕೊಡಲು ಹೇಳಿ. ಕೊನೆಯ ಸಲ ಎಷ್ಟು ಜಮೆ ಆಯಿತು ಅಂತ ಮೆಸೇಜ್ ಬರುತ್ತದೆ. ಮೂರು ತಿಂಗಳಿಗೊಮ್ಮೆ ಊಟದ ಬಿಡುವಿನಲ್ಲಿ ಇದನ್ನು ಮಾಡಿಸಿ. ಎಷ್ಟೋ ಹುಡುಗರಿಗೆ ತಮ್ಮ ಹೆಸರಿನಲ್ಲಿ ದುಡ್ಡು ಜಮೆಯಾಗುತ್ತಿದೆ ಅಂತ ಗೊತ್ತಾಗುವುದೇ ಅವತ್ತು.

ಕಾಗದ ಬಂದ ಮೇಲೆ ಮಾತ್ರ ಮುಂದಿನ ಬಿಲ್ ಪಾಸ್ ಅನ್ನುವ ಸಾಲನ್ನು ವರ್ಕ್ ಆರ್ಡರ್‌ನಲ್ಲೇ ಹಾಕಿ. ಹಾಗಂತ ಏಜೆನ್ಸಿಗೆ 90 ದಿನ ದುಡ್ಡು ಕೊಡದೆ ಸತಾಯಿಸಬೇಡಿ. ಸಣ್ಣ ಏಜೆನ್ಸಿಯವನು ಸಾಲ ತಂದು ಸಂಬಳ ಹಾಕುತ್ತಿರುತ್ತಾನೆ. ನಿಮ್ಮಿಂದ ತಡವಾದರೆ ಅವನು ಮೊದಲು ನಿಲ್ಲಿಸುವುದು ಪಿಎಫ್ ಕಟ್ಟುವುದನ್ನೇ.

‘ಪಿಎಫ್ ಮುರಿಯಬೇಡಿ ಸಾರ್, ಕ್ಯಾಶ್ ಕೊಟ್ಟುಬಿಡಿ’ ಅಂತ ಹುಡುಗರೇ ಕೇಳ್ತಾರೆ. ಏನು ಮಾಡೋದು?

ಕೇಳುತ್ತಾರೆ, ನಿಜ. ಹಿಂದೆ ಕೆಲಸ ಮಾಡಿದ ಕಡೆ ಮುರಿದ ಪಿಎಫ್ ಅವರಿಗೆ ಸಿಕ್ಕಿರುವುದಿಲ್ಲ. ಆಧಾರ್‌ನಲ್ಲಿ ಒಂದು ಸ್ಪೆಲ್ಲಿಂಗ್, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು, ಯುಎಎನ್‌ನಲ್ಲಿ ಮತ್ತೊಂದು. ಕ್ಲೇಮ್ ಹಾಕಿದಾಗೆಲ್ಲ ವಾಪಸ್ ಬರುತ್ತದೆ. ಅವರ ಅನುಮಾನಕ್ಕೆ ಕಾರಣ ಇದೆ. ಆದರೆ ಒಪ್ಪಿಕೊಂಡು ಕ್ಯಾಶ್ ಕೊಟ್ಟರೆ ಕಾನೂನು ನಿಮ್ಮನ್ನು ಬಿಡುವುದಿಲ್ಲ, ಅವರಿಗೂ ಅಪಘಾತವಾದ ದಿನ ಏನೂ ಸಿಗುವುದಿಲ್ಲ. ಸೇರಿದ ವಾರದಲ್ಲೇ ಏಜೆನ್ಸಿಯವನನ್ನು ಕೂರಿಸಿ ಮೂರೂ ಕಡೆ ಹೆಸರು, ಹುಟ್ಟಿದ ದಿನ ಒಂದೇ ಮಾಡಿಸಿ. ಹಳೆಯ ಯುಎಎನ್ ಇದ್ದರೆ ಹೊಸದು ಮಾಡಿಸಬೇಡಿ.

ಕೆಲಸದ ಹೊತ್ತಲ್ಲಿ ಗಾಯ ಆದರೆ ಯಾರ ಜವಾಬ್ದಾರಿ?

ಮೊದಲು ಆಸ್ಪತ್ರೆ, ಆಮೇಲೆ ಈ ಮಾತು.

ಏಜೆನ್ಸಿ ಹುಡುಗರಿಗೆ ಗಾಯ ಆಗುವುದು ಸಾಮಾನ್ಯವಾಗಿ ಮೊದಲ ವಾರಗಳಲ್ಲಿ. ಬೆಳಗ್ಗೆ ಎಂಟಕ್ಕೆ ಐದು ಜನ ಹೊಸಬರು ಬರುತ್ತಾರೆ. ಪವರ್ ಪ್ರೆಸ್ ಆಪರೇಟರ್ ಒಬ್ಬ ರಜೆ. ಸೂಪರ್‌ವೈಸರ್ ಒಬ್ಬ ಹೆಲ್ಪರನ್ನು ಕರೆದು, ‘ಇಲ್ಲಿ ಶೀಟ್ ಇಡು, ಕಾಲಲ್ಲಿ ಪೆಡಲ್ ಒತ್ತು’ ಅಂತ ತೋರಿಸಿ ಹೋಗುತ್ತಾನೆ. ಗಾರ್ಡ್ ಇದ್ದರೆ ಪ್ರೊಡಕ್ಷನ್ ನಿಧಾನ ಅಂತ ಯಾರೋ ಅದನ್ನು ಬಿಚ್ಚಿಟ್ಟಿರುತ್ತಾರೆ. ಶೀಟ್ ಸ್ವಲ್ಪ ಸರಿದಾಗ ಸರಿಮಾಡಲು ಕೈ ಒಳಗೆ ಹೋಗುತ್ತದೆ, ಕಾಲು ಪೆಡಲ್ ಮೇಲೇ ಇರುತ್ತದೆ. ಬೆರಳು ಕಳೆದುಕೊಂಡ ಹುಡುಗರನ್ನು ರಾಜಾಜಿನಗರದ ಇಎಸ್ಐ ಆಸ್ಪತ್ರೆಯಲ್ಲಿ ನೋಡಿದ್ದೇನೆ. ಇಪ್ಪತ್ತು, ಇಪ್ಪತ್ತೆರಡು ವಯಸ್ಸು.

ಆದ್ದರಿಂದ ಹೆಲ್ಪರ್ ಅಂತ ಕರೆಸಿದವನನ್ನು ಮಷಿನ್ ಮೇಲೆ ಹಾಕಲೇಬೇಡಿ. ಹಾಕಬೇಕಾದರೆ ಆಪರೇಟರ್ ಅಂತ ಕರೆಸಿ, ಆಪರೇಟರ್ ಸಂಬಳ ಕೊಡಿ, ಕಲಿಸಿ, ಕಲಿಸಿದ್ದಕ್ಕೆ ಸಹಿ ತಗೊಳ್ಳಿ. ಶೂ, ಗ್ಲೌಸ್, ಕನ್ನಡಕ ಯಾರು ಕೊಡಬೇಕು ಅಂತ ಏಜೆನ್ಸಿ ಜೊತೆ ಜಗಳ ಆಡುವ ಬದಲು ನೀವೇ ಕೊಟ್ಟುಬಿಡಿ. ಯಂತ್ರ ನಿಮ್ಮದು, ಶೆಡ್ಡು ನಿಮ್ಮದು, ಸುರಕ್ಷತೆಯೂ ನಿಮ್ಮದೇ.

ಇಎಸ್ಐ ನಂಬರ್ ಕೆಲಸಕ್ಕೆ ಬಂದ ದಿನವೇ ಆಗಿರಬೇಕು. ಕೆಲಸದಲ್ಲಿ ಆದ ಗಾಯಕ್ಕೆ ಇಷ್ಟು ತಿಂಗಳು ಕಟ್ಟಿರಬೇಕು ಅನ್ನುವ ಷರತ್ತು ಇಲ್ಲ, ಮೊದಲ ದಿನದಿಂದಲೇ ರಕ್ಷಣೆ ಇದೆ. ಗಾಯದಿಂದ ಕೆಲಸ ಮಾಡಲಾಗದ ದಿನಗಳಿಗೆ ವೇತನದ 90% ಲೆಕ್ಕದಲ್ಲಿ ಹಣ ಸಿಗುತ್ತದೆ. ಜೀವ ಹೋದರೆ ಮನೆಯವರಿಗೆ ಪಿಂಚಣಿ ಬರುತ್ತದೆ. ತಿಂಗಳಿಗೆ 21,000 ದಾಟಿದವರು ಇಎಸ್ಐಗೆ ಬರುವುದಿಲ್ಲ. ಅಂಥವರಿಗೆ ಏಜೆನ್ಸಿ ಬೇರೆ ವಿಮೆ ಮಾಡಿಸಿದೆಯಾ ನೋಡಿ. ಇಲ್ಲದಿದ್ದರೆ ಪರಿಹಾರದ ಹೊರೆ ನಿಮ್ಮ ತನಕ ಬರುತ್ತದೆ.

ಓಟಿ ಲೆಕ್ಕ ಹೇಗೆ?

ದಿನಕ್ಕೆ 8 ಗಂಟೆ, ವಾರಕ್ಕೆ 48. ಮೇಲಿನದ್ದಕ್ಕೆಲ್ಲ ಡಬಲ್. ಏಜೆನ್ಸಿ ಹುಡುಗರಿಗೆ ಸಿಂಗಲ್ ರೇಟ್ ಅನ್ನುವ ಪದ್ಧತಿ ತುಂಬಾ ಕಡೆ ನಡೆಯುತ್ತದೆ, ಅದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಬೆಳಗ್ಗೆ ಪಾಳಿ ಮುಗಿಸಿದವನನ್ನೇ ಬೇರೆ ಏಜೆನ್ಸಿಯ ಹೆಸರಿನಲ್ಲಿ ರಾತ್ರಿ ಪಾಳಿಗೆ ನಿಲ್ಲಿಸುವುದಂತೂ ಅವನ ಜೀವದ ಜೊತೆ ಆಟ.

ನಮ್ಮ ಪರ್ಮನೆಂಟ್ ಆಪರೇಟರ್ ಮತ್ತು ಏಜೆನ್ಸಿ ಆಪರೇಟರ್ ಒಂದೇ ಕೆಲಸ ಮಾಡ್ತಾರೆ. ಸಂಬಳ ಬೇರೆ ಇರಬಹುದಾ?

ಒಂದೇ ಅಥವಾ ಅದೇ ಥರದ ಕೆಲಸಕ್ಕೆ ಒಂದೇ ವೇತನ ಇರಬೇಕು ಅಂತ 1971ರ ಕೇಂದ್ರ ನಿಯಮಗಳಲ್ಲೇ ಇತ್ತು. ಪಕ್ಕಪಕ್ಕದ ಎರಡು ಮಷಿನ್, ಒಂದೇ ಪೀಸ್, ಒಬ್ಬನಿಗೆ 24,000, ಇನ್ನೊಬ್ಬನಿಗೆ 15,000. ಇದನ್ನು ಯಾವ ಅಧಿಕಾರಿಯ ಮುಂದೆಯೂ ಸಮರ್ಥಿಸಿಕೊಳ್ಳಲು ಆಗುವುದಿಲ್ಲ. ಅನುಭವ, ಕೌಶಲದ ವ್ಯತ್ಯಾಸ ನಿಜವಾಗಿಯೂ ಇದ್ದರೆ ಅದನ್ನು ದಾಖಲೆಯಲ್ಲಿ ತೋರಿಸುವ ಹಾಗಿರಬೇಕು.

ಏಜೆನ್ಸಿ ಹುಡುಗರಿಗೆ ನಾವೇ ಕೆಲಸ ಹೇಳಬಹುದಾ? ರಜೆ ಕೊಡಬಹುದಾ?

ಈ ಪೀಸ್ ಮೊದಲು ಮಾಡು, ಆ ಲಾರಿ ಆಮೇಲೆ ಅನ್ನುವುದು ಸರಿ. ಆದರೆ ಆಯ್ಕೆ ನಿಮ್ಮದು, ರಜೆ ಕೊಡುವವರು ನೀವು, ಮೆಮೊ ಕೊಡುವವರು ನೀವು, ತೆಗೆಯುವವರೂ ನೀವೇ, ಏಜೆನ್ಸಿ ಬಿಲ್ ಹಾಕಲಿಕ್ಕೆ ಮಾತ್ರ ಅಂತಾದರೆ ಗುತ್ತಿಗೆ ಬರೀ ಕಾಗದದ್ದು ಅಂತಾಗುತ್ತದೆ. ಸ್ಟೀಲ್ ಅಥಾರಿಟಿ ಪ್ರಕರಣದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಗುತ್ತಿಗೆ ಪದ್ಧತಿ ನಿಷೇಧವಾದ ಮಾತ್ರಕ್ಕೆ ಕಾರ್ಮಿಕರು ತಾನಾಗಿಯೇ ಕಾಯಂ ಆಗುವುದಿಲ್ಲ, ಆದರೆ ಗುತ್ತಿಗೆ ನೆಪಕ್ಕೆ ಮಾತ್ರ ಇದ್ದರೆ ಅವರು ಮೂಲ ಮಾಲೀಕರ ಕೆಲಸಗಾರರೇ. ಏಜೆನ್ಸಿಯ ಸೂಪರ್‌ವೈಸರ್ ಒಬ್ಬ ನಿಮ್ಮ ಜಾಗದಲ್ಲಿ ನಿಜವಾಗಿ ಇರಬೇಕು. ತಿಂಗಳಿಗೊಮ್ಮೆ ಬಿಲ್ ಹಿಡಿದು ಬರುವವನು ಸೂಪರ್‌ವೈಸರ್ ಅಲ್ಲ.

ಕ್ಯಾಂಟೀನ್, ನೀರು, ಶೌಚಾಲಯ?

ನೀವೇ. ಏಜೆನ್ಸಿಯವರಿಗೆ ಬೇರೆ ತಟ್ಟೆ, ಬೇರೆ ಸಾಲು ಮಾಡಬೇಡಿ.

ಹೆಣ್ಣುಮಕ್ಕಳನ್ನು ಏಜೆನ್ಸಿ ಮೂಲಕ ತೆಗೆದುಕೊಂಡಾಗ ಏನು ನೋಡಬೇಕು?

10 ಅಥವಾ ಹೆಚ್ಚು ಜನ ಇರುವ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಆಂತರಿಕ ಸಮಿತಿ ಇರಬೇಕು. ಏಜೆನ್ಸಿ ಮೂಲಕ ಬಂದವರೂ ಅದರ ರಕ್ಷಣೆಗೆ ಬರುತ್ತಾರೆ. ‘ಅವಳು ನಮ್ಮ ಸ್ಟಾಫ್ ಅಲ್ಲ, ಏಜೆನ್ಸಿಗೆ ಹೇಳಿ’ ಅನ್ನುವ ಹಾಗಿಲ್ಲ. ಸಮಿತಿಯವರ ಹೆಸರು, ಫೋನ್ ನಂಬರನ್ನು ಕನ್ನಡದಲ್ಲಿ, ಹಿಂದಿಯಲ್ಲಿ ಬರೆದು ಡ್ರೆಸ್ಸಿಂಗ್ ರೂಮಿನ ಬಾಗಿಲಿಗೆ ಹಾಕಿ. ರಾತ್ರಿ ಪಾಳಿಗೆ ಅವರ ಒಪ್ಪಿಗೆ ಬೇಕು, ಮನೆ ತನಕ ವಾಹನ ಬೇಕು. ಹೆರಿಗೆ ರಜೆ 26 ವಾರ. ಬಸುರಿ ಅಂತ ಗೊತ್ತಾದ ತಿಂಗಳೇ ‘ಆಳು ಬದಲಾಯಿಸಿ’ ಅಂತ ಏಜೆನ್ಸಿಗೆ ಫೋನ್ ಮಾಡುವ ಮಾಲೀಕರನ್ನು ನೋಡಿದ್ದೇನೆ. ದಯವಿಟ್ಟು ಆ ಕೆಲಸ ಮಾಡಬೇಡಿ.

ಒಡಿಶಾ, ಬಿಹಾರ, ಅಸ್ಸಾಂ ಹುಡುಗರನ್ನು ಕಳಿಸ್ತಾರೆ. ನಾವು ವಿಶೇಷವಾಗಿ ಏನಾದರೂ ನೋಡಬೇಕಾ?

ಅವರು ಎಲ್ಲಿ ಉಳಿದುಕೊಂಡಿದ್ದಾರೆ ಅಂತ ಒಮ್ಮೆ ಹೋಗಿ ನೋಡಿ. ಒಂದೇ ಶೀಟಿನ ಮನೆಯಲ್ಲಿ ಹನ್ನೆರಡು ಜನ, ಒಂದೇ ಬಚ್ಚಲು, ಅದಕ್ಕೂ ತಲೆಗೆ ಬಾಡಿಗೆ ಅಂತ ಸಂಬಳದಲ್ಲಿ ಮುರಿತ. ಬರುವಾಗ ರೈಲು ಚಾರ್ಜಿಗೆ ಅಂತ ಕೊಟ್ಟ ಮುಂಗಡವನ್ನು ತಿಂಗಳುಗಟ್ಟಲೆ ಹಿಡಿಯುವವರೂ ಇದ್ದಾರೆ. ಆಧಾರ್ ಕಾರ್ಡನ್ನು ಏಜೆನ್ಸಿಯವನು ಎತ್ತಿಟ್ಟುಕೊಂಡಿದ್ದರೆ ಅವತ್ತೇ ವಾಪಸ್ ಕೊಡಿಸಿ. ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬಂದವರ ಕಥೆಯೂ ಹೆಚ್ಚು ಬೇರೆಯಲ್ಲ. ಪೇ ಸ್ಲಿಪ್ ಅವರಿಗೆ ಓದಲು ಬರುವ ಭಾಷೆಯಲ್ಲಿ ಇರಲಿ. ಊರಿನ ರೇಷನ್ ಕಾರ್ಡ್ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ನಡೆಯುತ್ತದೆ ಅಂತ ಹೇಳಿಕೊಡಿ.

ಒಳ್ಳೆ ಹುಡುಗ ಸಿಕ್ಕಿದ್ದಾನೆ. ನಮ್ಮ ರೋಲಿಗೆ ತಗೊಳ್ಳಬಹುದಾ?

ತಗೊಳ್ಳಿ. ಅಗ್ರಿಮೆಂಟಿನಲ್ಲಿ ಅದಕ್ಕೆ ಏಜೆನ್ಸಿಗೆ ಇಷ್ಟು ಫೀ ಅಂತ ಇರಬಹುದು, ಮೊದಲೇ ಓದಿಕೊಳ್ಳಿ. ಆರು ತಿಂಗಳೋ ವರ್ಷವೋ ಆದ ಮೇಲೆ ಫೀ ಇಲ್ಲ ಅಂತ ಬರೆಸಿಕೊಳ್ಳುವುದು ಒಳ್ಳೆಯದು. ಹುಡುಗನಿಂದ ದುಡ್ಡು ಕೇಳುವಂತಿಲ್ಲ.

ಏಜೆನ್ಸಿ ಬದಲಾಯಿಸಿದರೆ ಇರುವ ಜನ ಏನಾಗ್ತಾರೆ?

ಸಾಮಾನ್ಯವಾಗಿ ಅದೇ ಜನ ಹೊಸ ಏಜೆನ್ಸಿಯ ರೋಲಿಗೆ ಹೋಗುತ್ತಾರೆ, ಮಾರನೆಯ ದಿನ ಅದೇ ಮಷಿನ್ ಮುಂದೆ ನಿಂತಿರುತ್ತಾರೆ. ತೊಂದರೆ ಆಗುವುದು ಹಳೆಯ ಬಾಕಿಯಲ್ಲಿ. ಕೊನೆಯ ತಿಂಗಳ ಸಂಬಳ, ಓಟಿ, ರಜೆ ದುಡ್ಡು, ವರ್ಷದ ನಡುವಿನ ಬೋನಸ್. ಕೆಲಸ ಬಿಟ್ಟವರಿಗೆ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೊಡಬೇಕು. ಹಳೆಯ ಏಜೆನ್ಸಿಯ ಕೊನೆಯ ಎರಡು ಬಿಲ್ ಕೈಯಲ್ಲಿ ಇಟ್ಟುಕೊಳ್ಳಿ. ಒಬ್ಬೊಬ್ಬರ ಲೆಕ್ಕವೂ ಮುಗಿದ ಮೇಲೆ ಬಿಡಿ. ಪಿಎಫ್‌ನಲ್ಲಿ ಬಿಟ್ಟ ತಾರೀಕು ಹಾಕಿಸುವುದನ್ನು ಮರೆಯಬೇಡಿ, ಅದಿಲ್ಲದೆ ಆ ಹುಡುಗ ಮುಂದೆ ದುಡ್ಡು ತೆಗೆಯಲು ಒದ್ದಾಡುತ್ತಾನೆ.

ಹನ್ನೊಂದು ತಿಂಗಳಿಗೊಮ್ಮೆ ಏಜೆನ್ಸಿ ಬದಲಾಯಿಸಿದರೆ ಗ್ರಾಚ್ಯುಟಿ ಬರಲ್ಲ ಅಂತ ಸಲಹೆ ಕೊಡುವವರು ಇದ್ದಾರೆ. ಐದು ವರ್ಷ ಒಂದೇ ಶೆಡ್ಡಿನಲ್ಲಿ ದುಡಿದವನ ಐದು ವರ್ಷವನ್ನು ಹೀಗೆ ಅಳಿಸುವುದು ಅನ್ಯಾಯ. ಕೋರ್ಟಿಗೆ ಹೋದರೆ ಗುತ್ತಿಗೆ ನೆಪಕ್ಕೆ ಮಾತ್ರ ಅನ್ನುವುದಕ್ಕೆ ಅದೇ ಸಾಕ್ಷಿಯೂ ಆಗುತ್ತದೆ.

ಏಜೆನ್ಸಿ ಬೇಡ ಅಂದರೆ ಬೇರೆ ದಾರಿ ಏನಿದೆ?

ಎರಡು ಇವೆ. ಒಂದು, ನಿಗದಿತ ಅವಧಿಯ ನೇಮಕ. ನೀವೇ ನೇರವಾಗಿ ಒಂದು ವರ್ಷಕ್ಕೋ ಎಂಟು ತಿಂಗಳಿಗೋ ಆದೇಶ ಕೊಟ್ಟು ತೆಗೆದುಕೊಳ್ಳುವುದು. ಕಾಯಂ ನೌಕರರಿಗೆ ಇರುವ ಸೌಲಭ್ಯವೇ ಅವರಿಗೂ ಇರಬೇಕು. ಒಂದು ವರ್ಷ ಪೂರೈಸಿದರೆ ಗ್ರಾಚ್ಯುಟಿಯೂ ಇದೆ. ಸರ್ವಿಸ್ ಚಾರ್ಜ್ ಇಲ್ಲ, ಜಿಎಸ್‌ಟಿ ಇಲ್ಲ. ಕಾಗದಪತ್ರದ ಕೆಲಸ ನಿಮ್ಮ ಮೇಲೆ ಬೀಳುತ್ತದೆ, ಆದರೆ 20 ಜನರದ್ದು ತಿಂಗಳಿಗೆ ಎರಡು ದಿನದ ಕೆಲಸ.

ಇನ್ನೊಂದು, ಅಪ್ರೆಂಟಿಸ್. ಐಟಿಐ, ಡಿಪ್ಲೊಮಾ ಮುಗಿಸಿದವರನ್ನು 1961ರ ಕಾಯ್ದೆಯಡಿ ನೋಂದಾಯಿಸಿ ತೆಗೆದುಕೊಳ್ಳಬಹುದು. 30 ಅಥವಾ ಹೆಚ್ಚು ಜನ ಇರುವ ಸಂಸ್ಥೆಗೆ ಇದು ಕಡ್ಡಾಯವೂ ಹೌದು. ಸ್ಟೈಪೆಂಡಿನ 25%, ತಿಂಗಳಿಗೆ 1,500 ರೂಪಾಯಿವರೆಗೆ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಬರುತ್ತದೆ. ಆದರೆ ಅವರು ಕಲಿಯಲು ಬಂದವರು. ಹೆಲ್ಪರ್ ಕೊರತೆ ತುಂಬಿಸಲು ಬಳಸಿದರೆ ಅವರೂ ಹಾಳು, ಯೋಜನೆಯೂ ಹಾಳು.

ಅಗ್ರಿಮೆಂಟಿಗೆ ಸಹಿ ಹಾಕುವ ಮುಂಚೆ ಕೊನೆಯದಾಗಿ ಏನು ಮಾಡಲಿ?

ಆ ಏಜೆನ್ಸಿ ಈಗ ಜನ ಕಳಿಸುತ್ತಿರುವ ಒಂದು ಕಾರ್ಖಾನೆಯ ಹೆಸರು ಕೇಳಿಕೊಳ್ಳಿ. ಪಾಳಿ ಬಿಡುವ ಹೊತ್ತಿಗೆ ಆ ಗೇಟಿನ ಎದುರಿನ ಟೀ ಅಂಗಡಿಗೆ ಹೋಗಿ ನಿಲ್ಲಿ. ಹೊರಬಂದ ಹುಡುಗರ ಹತ್ತಿರ ನಾಲ್ಕು ವಿಷಯ ಕೇಳಿ. ಸಂಬಳ ಯಾವ ತಾರೀಕಿಗೆ ಬರುತ್ತದೆ, ಕೈಗೆ ಎಷ್ಟು ಬರುತ್ತದೆ, ಇಎಸ್ಐ ಕಾರ್ಡ್ ಕೊಟ್ಟಿದ್ದಾರಾ, ಎಟಿಎಂ ಕಾರ್ಡ್ ಯಾರ ಹತ್ತಿರ ಇದೆ. ಆಮೇಲೆ ಪಿಎಫ್ ಇಲಾಖೆಯ ವೆಬ್‌ಸೈಟಿನಲ್ಲಿ ಸಂಸ್ಥೆಗಳ ಹುಡುಕಾಟ ಅನ್ನುವಲ್ಲಿ ಏಜೆನ್ಸಿಯ ಹೆಸರು ಹಾಕಿ, ತಿಂಗಳು ತಿಂಗಳು ಎಷ್ಟು ಜನಕ್ಕೆ ಎಷ್ಟು ಕಟ್ಟಿದ್ದಾರೆ ಅಂತ ನೋಡಿ. ಮುನ್ನೂರು ಜನ ಕಳಿಸುತ್ತೇನೆ ಅನ್ನುವವನು ನಲವತ್ತು ಜನಕ್ಕೆ ಕಟ್ಟುತ್ತಿದ್ದರೆ ಅಗ್ರಿಮೆಂಟ್ ಓದುವ ಅಗತ್ಯವೇ ಇಲ್ಲ, ಬೇರೆಯವರಿಗೆ ಫೋನ್ ಮಾಡಿ.